ಒಡವೆಯ ಹೆಸರೂ ಅದರ ಛಾಯಾಚಿತ್ರವೂ

ಬುಗುಡಿ ಎಂಬ ಪದಕ್ಕೆ ‘ಒಂದು ಬಗೆಯ ಕಿವಿಯ ಆಭರಣ’ ಎಂಬಷ್ಟೇ ಅರ್ಥ ದೊರೆತರೆ ಓದುಗನಿಗೆ ತಿಳಿದದ್ದು ಬಹಳ ಕಡಿಮೆ. ಕಿವಿಯ ಹಾಲೆಗೆ ಇಡುವ ಬೆಂಡೋಲೆಯೂ, ಅದರ ಕೆಳಗೆ ತೂಗುವ ಜುಮುಕಿಯೂ ಕಿವಿಯ ಆಭರಣಗಳೇ. ಬುಗುಡಿ ಕಿವಿಯ ಮೇಲಂಚಿನದು. ಆ ವ್ಯತ್ಯಾಸವನ್ನು ಹತ್ತು ವಾಕ್ಯಗಳಿಗಿಂತ ಒಂದು ಸರಿಯಾದ ಚಿತ್ರ ಚೆನ್ನಾಗಿ ಹೇಳುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಹಳೆಯ ಒಡವೆಗಳು ಪತ್ತಾರರ ಮೂಸೆಯಲ್ಲಿ ಕರಗಿ ಹೊಸ ನಮೂನೆಯ ಸರಗಳಾಗಿ ಮರಳುತ್ತಿವೆ. ಮನೆಯವರ ಅಗತ್ಯವನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ವಸ್ತು ಕರಗಿದ ಮೇಲೆ ಅದರ ಹೆಸರು ಒಂದು ತಲೆಮಾರಿನವರೆಗೆ ಬಾಯಲ್ಲಿ ಉಳಿದು, ಅನಂತರ ಏನನ್ನೂ ಸೂಚಿಸದ ಶಬ್ದವಾಗುತ್ತದೆ. ಪದಸಂಗ್ರಹಕ್ಕೆ ಹೊರಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಛಾಯಾಚಿತ್ರದ ತಿಳಿವಳಿಕೆ ಬೇಕಾಗುವುದು ಈ ಕಾರಣಕ್ಕೆ.

ಒಡವೆಯ ಚಿತ್ರ ಕೆಡುವುದು ಹೆಚ್ಚಾಗಿ ಬೆಳಕಿನಿಂದ. ನಯವಾದ ಲೋಹ ಒಂದು ಕನ್ನಡಿ. ಅದರಲ್ಲಿ ಕಾಣುವುದು ಲೋಹದ ಬಣ್ಣವಷ್ಟೇ ಅಲ್ಲ, ಸುತ್ತಲಿನ ಸಮಸ್ತವೂ. ಹಸಿರು ಗೋಡೆಯ ಕೋಣೆಯಲ್ಲಿ ಬೆಳ್ಳಿಯ ಡಾಬು ಹಸಿರಾಗುತ್ತದೆ. ಚಿತ್ರ ತೆಗೆಯುವವರು ಕೆಂಪು ಅಂಗಿ ತೊಟ್ಟಿದ್ದರೆ ಆ ಕೆಂಪೂ ಅದರ ಮೇಲೆ ಬೀಳುತ್ತದೆ. ಮೊಬೈಲಿನ ಫ್ಲ್ಯಾಷ್ ಹಾಕಿದರೆ ಒಂದು ಬಿಳಿಯ ಚುಕ್ಕೆ ಮಾತ್ರ ಹೊಳೆದು ಉಳಿದ ಭಾಗ ಕಪ್ಪಾಗುತ್ತದೆ. ಆದುದರಿಂದ ಫ್ಲ್ಯಾಷನ್ನು ಆರಿಸಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಕುಳಿತುಕೊಳ್ಳಬೇಕು. ಬಿಸಿಲು ಬಂದೇ ಬರುವುದಾದರೆ ಕಿಟಕಿಗೆ ತೆಳುವಾದ ಬಿಳಿಯ ಧೋತರವನ್ನು ಇಳಿಬಿಟ್ಟರೆ ಸಾಕು. ಬೆಳಕು ಹರಡಿಕೊಂಡು ಮೃದುವಾಗುತ್ತದೆ. ಕಿಟಕಿಯ ಎದುರು ಬದಿಗೆ ಒಂದು ಬಿಳಿಯ ಹಾಳೆಯನ್ನು ನಿಲ್ಲಿಸಿದರೆ ನೆರಳಿನ ಭಾಗವೂ ತಿಳಿಯಾಗುತ್ತದೆ. ಕೋಣೆಯ ವಿದ್ಯುದ್ದೀಪವನ್ನು ಆರಿಸುವುದು ಒಳ್ಳೆಯದು. ಹಗಲಿನ ಬೆಳಕೂ ದೀಪದ ಬೆಳಕೂ ಬೆರೆತಲ್ಲಿ ಚಿನ್ನ ತನ್ನ ಬಣ್ಣವನ್ನು ಕಳೆದುಕೊಳ್ಳುತ್ತದೆ.

ಎಲ್ಲ ಒಡವೆಗೂ ಒಂದೇ ಬೆಳಕು ಸಲ್ಲದು. ಪುತಳಿಸರದಲ್ಲಿ ನಾಣ್ಯದಂತಹ ಬಿಲ್ಲೆಗಳಿರುತ್ತವೆ. ಅವುಗಳ ಮೇಲಿನ ಆಕೃತಿ ಉಬ್ಬುಕೆಲಸದ್ದು. ಎದುರಿನಿಂದ ಬರುವ ಬೆಳಕಿನಲ್ಲಿ ಆ ಉಬ್ಬು ಅಳಿದುಹೋಗುತ್ತದೆ. ಸವೆದ ಶಿಲಾಶಾಸನದ ಅಕ್ಷರಗಳು ಓರೆಬೆಳಕಿನಲ್ಲಿ ಎದ್ದು ಕಾಣುವುದನ್ನು ಶಾಸನಶಾಸ್ತ್ರ ಓದಿದವರು ಬಲ್ಲರು. ಇಲ್ಲಿಯೂ ಅದೇ ಕ್ರಮ: ಬೆಳಕು ಒಂದು ಬದಿಯಿಂದ, ಸಾಧ್ಯವಾದಷ್ಟು ತಗ್ಗಿನಿಂದ ಬರಬೇಕು. ಬೋರಮಾಳದ ವಿಷಯ ಬೇರೆ. ಬೋರೆಹಣ್ಣಿನ ಆಕಾರದ ಅದರ ಮಣಿಗಳು ಪೊಳ್ಳು. ಒಳಗೆ ಅರಗು ತುಂಬಿರುತ್ತದೆ. ದುಂಡು ಮಣಿಗೆ ಮೃದುವಾದ, ಹರಡಿದ ಬೆಳಕೇ ಹಿತ. ಚಿತ್ರಕ್ಕಾಗಿ ಅದನ್ನು ಬಿಸಿನೀರಿನಲ್ಲಿ ತೊಳೆಯಲು ಮನೆಯವರು ಮುಂದಾದರೆ ವಿನಯದಿಂದ ತಡೆಯಬೇಕು. ಅರಗು ಶಾಖಕ್ಕೆ ಮೆತ್ತಗಾಗುತ್ತದೆ. ಬೆಳ್ಳಿಯನ್ನು ಹುಣಸೆಹಣ್ಣಿನಿಂದ ಉಜ್ಜುವುದೂ ಬೇಡ. ಗೀರುಗಳಲ್ಲಿ ನಿಂತ ಕಪ್ಪೇ ಕೆತ್ತನೆಯನ್ನು ಓದಿಸುತ್ತದೆ. ಮೆತ್ತನೆಯ ಅರಿವೆಯಿಂದ ಧೂಳನ್ನು ಒರಸಿದರೆ ಅಷ್ಟೇ ಸಾಕು.

ಕಷ್ಟದ್ದು ಕರಿಮಣಿಯ ಸರ. ಬಿಳಿಯ ಬಟ್ಟೆಯ ಮೇಲಿಟ್ಟರೆ ಮಣಿಗಳು ಒಂದೇ ಕಪ್ಪುಗೆರೆಯಾಗುತ್ತವೆ. ಕಪ್ಪು ಬಟ್ಟೆಯ ಮೇಲೆ ಕಾಣುವುದೇ ಇಲ್ಲ. ಹೊಳಪಿಲ್ಲದ ಬೂದುಬಣ್ಣದ ಹಾಳೆ ಎರಡಕ್ಕೂ ಒದಗುತ್ತದೆ. ತೆರೆಯ ಮೇಲೆ ಚಿನ್ನದ ಭಾಗವನ್ನು ಮುಟ್ಟಿ ಫೋಕಸ್ ನಿಲ್ಲಿಸಿ, ಬೆಳಕಿನ ಪ್ರಮಾಣವನ್ನು ತುಸು ತಗ್ಗಿಸಿ ಒಂದು ಚಿತ್ರ. ಮಣಿಗಳಿಗಾಗಿ ಬೆಳಕನ್ನು ಹೆಚ್ಚಿಸಿ ಇನ್ನೊಂದು. ಒಂದೇ ಚಿತ್ರದಲ್ಲಿ ಎರಡನ್ನೂ ಗೆಲ್ಲಲು ಹೊರಟವರು ಸಾಮಾನ್ಯವಾಗಿ ಎರಡನ್ನೂ ಸೋಲುತ್ತಾರೆ. ಜರಿಯ ಸೀರೆಯ ಮೇಲೆ ಹರಡಿ ತೆಗೆದ ಚಿತ್ರ ಮದುವೆಯ ಆಲ್ಬಮ್ಮಿಗೆ ಚೆಂದ, ಅಧ್ಯಯನಕ್ಕೆ ಅಲ್ಲ.

ಮೊಬೈಲನ್ನು ಒಡವೆಗೆ ತೀರ ಸಮೀಪ ಒಯ್ದರೆ ಹತ್ತಿರದ ಭಾಗ ಊದಿಕೊಂಡಂತೆ ಕಾಣುತ್ತದೆ, ಜೊತೆಗೆ ಮೊಬೈಲಿನ ನೆರಳೂ ಬೀಳುತ್ತದೆ. ತುಸು ಹಿಂದೆ ಸರಿದು ತೆಗೆದು, ಬಳಿಕ ಅಂಚುಗಳನ್ನು ಕತ್ತರಿಸಿಕೊಳ್ಳುವುದು ಮೇಲು. ಕೈ ಅಲುಗದಂತೆ ಮೊಬೈಲನ್ನು ಪುಸ್ತಕಗಳ ಅಟ್ಟಿಗೆ ಆನಿಸಿ, ಎರಡು ಕ್ಷಣ ತಡೆದು ತೆಗೆಯುವ ಟೈಮರ್ ಬಳಸಬೇಕು. ಒಡವೆಯ ಪಕ್ಕದಲ್ಲಿ, ಅದೇ ಮಟ್ಟದಲ್ಲಿ, ಸೆಂಟಿಮೀಟರ್ ಗುರುತಿನ ಅಳತೆಪಟ್ಟಿ ಇರಲಿ. ಹಿಂಬದಿಯ ಚಿತ್ರವನ್ನು ಮರೆಯಬಾರದು. ತಿರುಪು, ಕೊಂಡಿ, ಬೆಸುಗೆ, ಮಾಡಿದವರ ಮುದ್ರೆ ಇರುವುದು ಅಲ್ಲಿಯೇ. ಕೊನೆಗೆ, ಒಡತಿ ಒಪ್ಪಿದರೆ, ಒಡವೆ ತೊಟ್ಟಾಗಿನ ಒಂದು ಚಿತ್ರ. ಕಿವಿ ಅಥವಾ ತೋಳು ಕಂಡರೆ ಸಾಕು, ಮುಖ ಬೇಕಿಲ್ಲ.

ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ, ಅದೇ ಸಂಖ್ಯೆಯಲ್ಲಿ ಒಡತಿಯ ಧ್ವನಿಮುದ್ರಣ. ಹೆಸರನ್ನು ಆಕೆ ಉಚ್ಚರಿಸಿದಂತೆಯೇ ಬರೆಯಬೇಕು. ಬುಗಡಿ ಎಂದರೆ ಬುಗಡಿ; ಅದನ್ನು ಬುಗುಡಿ ಎಂದು ತಿದ್ದುವಂತಿಲ್ಲ. ಬುಗಡಿ, ಪಾಟಲಿ, ಗೋಟು ಮುಂತಾದವು ಮರಾಠಿಯಲ್ಲಿಯೂ ಬಳಕೆಯಲ್ಲಿರುವ ಪದಗಳು. ಯಾರು ಯಾರಿಂದ ಪಡೆದರು ಎಂಬ ವಾದಕ್ಕೆ ಮುನ್ನ, ಎರಡೂ ಭಾಷೆಯವರು ಒಂದೇ ವಸ್ತುವನ್ನು ಹಾಗೆ ಕರೆಯುತ್ತಾರೆಯೇ ಎಂಬುದನ್ನು ಚಿತ್ರ ತೋರಿಸಿ ಕೇಳಬಹುದು. ಗುಳದಾಳಿಯಂತಹ ಪದ ಸಿಕ್ಕಾಗ ಗುಳ, ತಾಳಿ ಎಂದು ಬಿಡಿಸಿ, ತಕಾರ ದಕಾರವಾದ ಆದೇಶವನ್ನು ಗುರುತಿಸಿ, ಚಿತ್ರದಲ್ಲಿ ಗುಂಡು ಯಾವುದು, ತಾಳಿ ಯಾವುದು ಎಂದು ಬೆರಳಿಟ್ಟು ತೋರಿಸಬಹುದು. ವ್ಯಾಕರಣದ ತರಗತಿಯಲ್ಲಿ ಅಂತಹ ಸುಖ ಅಪರೂಪ.

ಒಡವೆಯ ಪೆಟ್ಟಿಗೆ ತೆರೆಯುವುದು ವಿಶ್ವಾಸದ ಕೆಲಸ. ತೂಕ, ಬೆಲೆ ಕೇಳಕೂಡದು. ಮೊಬೈಲಿನ ಚಿತ್ರದೊಳಗೆ ಸ್ಥಳದ ಗುರುತು ತಾನಾಗಿ ಸೇರುವುದುಂಟು. ಹೊರಡುವ ಮುನ್ನವೇ ಆ ಸೌಲಭ್ಯವನ್ನು ನಿಲ್ಲಿಸಬೇಕು. ಚಿತ್ರಗಳು ಗೆಳೆಯರ ವಾಟ್ಸಾಪ್ ಗುಂಪಿಗೆ ಹೋಗಬಾರದು. ದಾಖಲೆಯಲ್ಲಿ ಊರಿನ ಹೆಸರಿದ್ದರೆ ಸಾಲದೆ? ಮನೆತನದ ಹೆಸರು ಬೇಡ. ಅಚ್ಚು ಹಾಕಿಸಿದ ಒಂದು ಪ್ರತಿಯನ್ನು ಒಡತಿಗೆ ಮರಳಿ ಒಯ್ದು ಕೊಡಬೇಕು. ಆ ಎರಡನೆಯ ಭೇಟಿಯಲ್ಲಿ, ಚಿತ್ರವನ್ನು ಕೈಯಲ್ಲಿ ಹಿಡಿದಾಗ, ಮೊದಲ ದಿನ ನೆನಪಾಗದಿದ್ದ ಬಿಡಿಭಾಗಗಳ ಹೆಸರು ನೆನಪಿಗೆ ಬರಬಹುದು. ಪುಸ್ತಕ, ಪೆನ್ನು ಜೊತೆಗಿರಲಿ.