ಸಂಚಾರಿ ದೂರವಾಣಿಯ ಐದು ತಲೆಮಾರುಗಳು

ಗದಗ-ಬೆಟಗೇರಿಯ ಪೇಟೆಯಲ್ಲಿ ನಡೆದುಹೋಗುವಾಗ ಮೊಬೈಲ್ ಅಂಗಡಿಗಳ ಫಲಕಗಳ ಮೇಲೆ ‘೪ಜಿ’, ‘೫ಜಿ’ ಎಂಬ ಅಕ್ಷರಗಳು ಕಣ್ಣಿಗೆ ಬೀಳುತ್ತವೆ. ‘ಜಿ’ ಎಂದರೆ ತಲೆಮಾರು ಎಂದಷ್ಟೇ ಅರ್ಥ. ಆದರೆ ಒಂದು ತಲೆಮಾರಿಗೂ ಇನ್ನೊಂದಕ್ಕೂ ಇರುವ ಭೇದವೇನೆಂದು ವಿಚಾರಿಸುವವರು ವಿರಳ. ನಾನೂ ವಿಚಾರಿಸಿದವನಲ್ಲ. ಆ ಅಜ್ಞಾನಕ್ಕೆ ನಮ್ಮ ಮನೆಯಲ್ಲಿ ಬೆಲೆ ತೆತ್ತ ಮೇಲೆಯೇ ಇದನ್ನು ಅಭ್ಯಸಿಸುವ ಮನಸ್ಸಾಯಿತು.

ನಮ್ಮ ತಂದೆಯವರು ಹೊಲದಲ್ಲಿ ಬಳಸುತ್ತಿದ್ದುದು ಗುಂಡಿಯೊತ್ತುವ ಹಳೆಯ ಫೋನು. ಖರ್ಚು ಉಳಿದೀತೆಂದು ನಾನೇ ಅವರ ನಂಬರನ್ನು ಬೇರೊಂದು ಕಂಪನಿಗೆ ಬದಲಾಯಿಸಿದೆ. ಹೊಸ ಸಿಮ್ ಹಾಕಿದೊಡನೆ ಫೋನು ಮೂಕವಾಯಿತು. ಒಮ್ಮೆ ಬದಲಿಸಿದ ನಂಬರನ್ನು ೯೦ ದಿನ ಮತ್ತೆ ಬದಲಿಸಲು ಬಾರದು. ನನ್ನ ವಿದ್ಯಾರ್ಥಿವೇತನದ ಅರ್ಜಿಯ ಒಟಿಪಿ ಆ ನಂಬರಿಗೇ ಬರಬೇಕಾಗಿತ್ತು. ಗೆಳೆಯನ ಫೋನಿಗೆ ಸಿಮ್ ಹಾಕಿ ಅದನ್ನು ಪಡೆದೆ. ಆದರೆ ಹೆಸರುಕಾಳಿನ ಧಾರಣೆ ತಿಳಿಸಲು ದಲಾಲಿ ಅಂಗಡಿಯಿಂದ ಬಂದ ಕರೆಗಳು ತಂದೆಯವರಿಗೆ ಮುಟ್ಟಲೇ ಇಲ್ಲ. “ತಮ್ಮಾ, ರೊಕ್ಕಾ ಉಳಸಾಕ ಹೋಗಿ ಮಾತೂ ಕಳಕೊಂಡ್ವಲ್ಲೋ” ಎಂದರು. ತಪ್ಪು ಫೋನಿನದೂ ಅಲ್ಲ, ಸಿಮ್ಮಿನದೂ ಅಲ್ಲ. ಫೋನು ಎರಡನೆಯ ತಲೆಮಾರಿನದು, ಸಿಮ್ ನಾಲ್ಕನೆಯ ತಲೆಮಾರಿನ ಸೇವೆಯದು. ಅದನ್ನು ಕೇಳಿ ತಿಳಿಯದೆ ಹೋದ ತಪ್ಪು ನನ್ನದು.

ಮೊಬೈಲ್ ಫೋನು ಮೂಲತಃ ಒಂದು ಪುಟ್ಟ ರೇಡಿಯೋ. ನಾಡನ್ನು ಜೇನುಗೂಡಿನ ಕೋಣೆಗಳಂತೆ ಭಾಗಮಾಡಿ ಪ್ರತಿಯೊಂದು ಭಾಗಕ್ಕೂ ಒಂದು ಟವರನ್ನು ನಿಲ್ಲಿಸಿರುತ್ತಾರೆ. ನಾವು ಗದಗಿನಿಂದ ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಹೋಗುವಾಗ ಒಂದು ಟವರು ನಮ್ಮ ಮಾತನ್ನು ಮುಂದಿನದಕ್ಕೆ ಒಪ್ಪಿಸುತ್ತ ಹೋಗುತ್ತದೆ. ಐದೂ ತಲೆಮಾರುಗಳಿಗೆ ಇದೇ ತಳಹದಿ. ಆದರೆ ರೇಡಿಯೋ ಅಲೆಗಳು ಕಾಲುವೆಯ ನೀರಿನಂತೆ ಮಿತವಾದವು. ಅವನ್ನು ಹಲವರಿಗೆ ಹಂಚುವ ರೀತಿಯಲ್ಲಿಯೇ ತಲೆಮಾರುಗಳ ಭೇದವಿರುವದು.

ಮೊದಲನೆಯ ತಲೆಮಾರು ೧೯೭೯ರಲ್ಲಿ ಜಪಾನಿನ ಟೋಕಿಯೋದಲ್ಲಿ ಆರಂಭವಾಯಿತು. ಅದರಲ್ಲಿ ಒಂದು ಕರೆಗೆ ಒಂದು ಇಡೀ ಕಾಲುವೆಯನ್ನೇ ಬಿಟ್ಟುಕೊಟ್ಟಂತೆ. ಧ್ವನಿ ಇದ್ದಂತೆಯೇ ಅಲೆಯ ಮೇಲೇರಿ ಹೋಗುತ್ತಿದ್ದುದರಿಂದ ಪರರು ಕದ್ದು ಕೇಳುವದೂ ಸುಲಭವಾಗಿತ್ತು. ನಮ್ಮ ದೇಶದ ಜನಸಾಮಾನ್ಯರು ಈ ತಲೆಮಾರನ್ನು ಕಾಣಲೇ ಇಲ್ಲ.

ಎರಡನೆಯದು ೧೯೯೧ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿತು. ಇಲ್ಲಿ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ, ಒಂದೇ ಅಲೆಯನ್ನು ಎಂಟು ಜನರಿಗೆ ಕ್ಷಣಕ್ಷಣಕ್ಕೂ ಸರದಿಯಂತೆ ಹಂಚಿದರು. ರೈತರು ಪಾಳಿಯ ಮೇಲೆ ನೀರು ಹಾಯಿಸುವಂತೆ. ಲಿಖಿತ ಸಂದೇಶವೂ ಇದರೊಡನೆ ಬಂದಿತು. ಭಾರತದಲ್ಲಿ ೧೯೯೫ರ ಜುಲೈ ೩೧ರಂದು ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲಕತ್ತೆಯಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಆಗ ನಿಮಿಷಕ್ಕೆ ೧೬ ರೂಪಾಯಿಯವರೆಗೂ ದರವಿದ್ದು, ಕರೆ ಬಂದವನೂ ಹಣ ತೆರಬೇಕಾಗಿತ್ತು. ೨೦೦೩ರಲ್ಲಿ ಒಳಬರುವ ಕರೆ ಉಚಿತವಾದ ಬಳಿಕವೇ ಬಡವನ ಕೈಗೂ ಫೋನು ಬರುವದು ಸಾಧ್ಯವಾಯಿತು.

ಮೂರನೆಯದು ಜಪಾನಿನಲ್ಲಿ ೨೦೦೧ರಲ್ಲಿಯೂ, ನಮ್ಮಲ್ಲಿ ೨೦೦೮ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿಯೂ ಬಂದಿತು. ಇದರಲ್ಲಿ ಪಾಳಿಯಿಲ್ಲ; ಜಾತ್ರೆಯ ಗದ್ದಲದಲ್ಲಿ ಎಲ್ಲರೂ ಒಮ್ಮೆಲೇ ಮಾತನಾಡುತ್ತಿದ್ದರೂ ನಮ್ಮ ನುಡಿ ನಮಗೆ ತಿಳಿಯುವಂತೆ, ಪ್ರತಿಯೊಬ್ಬನ ಮಾತಿಗೂ ಬೇರೆ ಸಂಕೇತವಿರುತ್ತದೆ.

ನಾಲ್ಕನೆಯದು ೨೦೦೯ರಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋ ನಗರಗಳಲ್ಲಿ ಪ್ರಾರಂಭವಾಗಿ, ೨೦೧೨ರಲ್ಲಿ ಕೋಲ್ಕತ್ತೆಗೆ ಬಂದಿತು. ನಮ್ಮ ಕೂರಿಗೆ ಒಂದೇ ಸಲಕ್ಕೆ ಹಲವು ಸಾಲು ಬಿತ್ತುವಂತೆ ಇದು ಮಾಹಿತಿಯನ್ನು ನೂರಾರು ಕಿರಿದಾದ ಅಲೆಗಳ ಮೇಲೆ ಒಮ್ಮೆಗೇ ಕಳಿಸುತ್ತದೆ. ೨೦೧೬ರ ಸೆಪ್ಟೆಂಬರಿನಿಂದೀಚೆಗೆ ಇಂಟರ್ನೆಟ್ಟಿನ ದರ ಬಹಳ ಇಳಿದು ಇದು ಹಳ್ಳಿಗಳಿಗೂ ಹಬ್ಬಿತು. ಐದನೆಯದನ್ನು ೨೦೨೨ರ ಅಕ್ಟೋಬರ್ ೧ರಂದು ದಿಲ್ಲಿಯಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಅಲೆಯನ್ನು ಎಲ್ಲೆಡೆಗೆ ಎರಚದೆ, ಹನಿ ನೀರಾವರಿಯಂತೆ ಬೇಕಾದವನ ಕಡೆಗೇ ತಿರುಗಿಸುವದು ಇದರ ಒಂದು ವಿಶೇಷ.

ವೇಗದ ಭೇದವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಎರಡು ಮೆಗಾಬೈಟಿನ ಒಂದು ಭಾವಚಿತ್ರವೆಂದರೆ ಸುಮಾರು ೧೬೦ ಲಕ್ಷ ಬಿಟ್ಟುಗಳು. ೨ಜಿಯಲ್ಲಿ ಸೆಕೆಂಡಿಗೆ ೪೦ ಸಾವಿರ ಬಿಟ್ಟುಗಳೆಂದು ಹಿಡಿದರೆ ಅದು ಬರಲು ೪೦೦ ಸೆಕೆಂಡು, ಎಂದರೆ ಏಳು ನಿಮಿಷದ ಸಮೀಪ ಬೇಕು. ೩ಜಿಯಲ್ಲಿ ೨೦ ಲಕ್ಷವೆಂದು ಹಿಡಿದರೆ ೮ ಸೆಕೆಂಡು ಸಾಕು. ೪ಜಿಯಲ್ಲಿ ೧೬೦ ಲಕ್ಷವೆಂದರೆ ಒಂದೇ ಸೆಕೆಂಡು.

ಹಾಗಾದರೆ ಅಂಕಿ ಹೆಚ್ಚಿದಷ್ಟೂ ಒಳ್ಳೆಯದೇ? ಹಾಗೆಂದು ಹೇಳಲಾಗದು. ಸೆಕೆಂಡಿಗೆ ೯೦ ಕೋಟಿ ಸಲ ಕಂಪಿಸುವ ಅಲೆ ದೂರ ಸಾಗುತ್ತದೆ. ೫ಜಿಗೆ ಬಳಸುವ ಸುಮಾರು ೩೫೦ ಕೋಟಿ ಕಂಪನದ ಅಲೆ ಹೆಚ್ಚು ಮಾಹಿತಿಯನ್ನು ಹೊತ್ತರೂ ಬೇಗ ದಣಿಯುತ್ತದೆ. ನಮ್ಮ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆ ಅದಕ್ಕೆ ದೊಡ್ಡ ಅಡ್ಡಿ. ಶಿರಹಟ್ಟಿ ಮತ್ತು ಮುಂಡರಗಿಗಳ ನಡುವೆ ಚಾಚಿರುವ ಕಪ್ಪತಗುಡ್ಡದಂತಹ ಸಾಲು ಯಾವ ತಲೆಮಾರಿನ ಅಲೆಯನ್ನೂ ತಡೆಯಬಲ್ಲದು. ಗುಡ್ಡದ ಮರೆಯ ಹೊಲದಲ್ಲಿ ನಿಂತವನಿಗೆ ಬೇಕಾದದ್ದು ವೇಗಕ್ಕಿಂತ ಮೊದಲು ಒಂದು ಸಮೀಪದ ಟವರು.

ಇನ್ನೊಂದು ಮಾತು. ೪ಜಿಯಲ್ಲಿ ಕರೆಯೂ ಇಂಟರ್ನೆಟ್ಟಿನ ಮಾಹಿತಿಯಂತೆಯೇ ಸಾಗುತ್ತದೆ. ಇದಕ್ಕೆ ವೋಲ್ಟಿ ಎಂದು ಹೆಸರು. ಆ ಸೌಕರ್ಯವಿಲ್ಲದ ಫೋನು ಮಾತನಾಡುವಾಗ ಹಳೆಯ ತಲೆಮಾರಿನ ನೆಟ್‌ವರ್ಕಿಗೆ ಇಳಿಯಬೇಕಾಗುತ್ತದೆ. ಆ ನೆಟ್‌ವರ್ಕೇ ಇಲ್ಲದಲ್ಲಿ ಕರೆಯೂ ಇಲ್ಲ. ಏರ್‌ಟೆಲ್ ಕಂಪನಿಯು ೨೦೨೦ರಲ್ಲಿ ೩ಜಿಯನ್ನು ನಿಲ್ಲಿಸಿಯೂ ೨ಜಿಯನ್ನು ಉಳಿಸಿಕೊಂಡಿತು. ಗುಂಡಿಯ ಫೋನನ್ನೇ ನಂಬಿದ ಜನ ದೇಶದಲ್ಲಿ ಅಷ್ಟೊಂದಿದ್ದರು.

ಆದುದರಿಂದ ಫೋನು, ಸಿಮ್, ಟವರು ಈ ಮೂರೂ ಒಂದೇ ತಲೆಮಾರಿನ ನುಡಿಯನ್ನು ಬಲ್ಲವೇ ಎಂದು ಕೇಳುವದು ಗ್ರಾಹಕನ ಮೊದಲ ಕರ್ತವ್ಯ. ನಮ್ಮ ಮನೆಗೆ ಕೊನೆಗೆ ೪ಜಿಯ ಗುಂಡಿಯ ಫೋನೊಂದನ್ನು ಕೊಳ್ಳಬೇಕಾಯಿತು; ಉಳಿಸಬೇಕೆಂದ ಹಣಕ್ಕಿಂತ ಅದಕ್ಕೆ ಹೆಚ್ಚು ಹೋಯಿತು. ವಾಚಕ ಮಿತ್ರರೇ, ನಮ್ಮಲ್ಲಿ ಅನೇಕರ ತಂದೆತಾಯಿಗಳು ಫಲಕದ ಮೇಲಿನ ಅಕ್ಷರವನ್ನು ಓದಲಾರರು; ಮಗ ಓದಿದವನೆಂದು ನಂಬಿ ಫೋನನ್ನು ನಮ್ಮ ಕೈಗೆ ಕೊಡುತ್ತಾರೆ. ಸಿಮ್ ಬದಲಿಸುವ ಮುನ್ನ ಆ ಫೋನನ್ನೊಮ್ಮೆ ತಿರುಗಿಸಿ ನೋಡುವಷ್ಟಾದರೂ ನಮ್ಮ ಓದು ಅವರಿಗೆ ಉಪಯೋಗವಾಗಲಿ.