ಭೀಮಾ ದಂಡೆಗೆ ಕ್ಯಾಮೆರಾ ಒಯ್ಯುವವರಿಗೆ

ಪ್ಯಾರಿಸ್ಸಿಗೆ ಹೋದವರಿಗೆ ಐಫೆಲ್ ಗೋಪುರದ ಫೋಟೋ ಎಲ್ಲಿ ನಿಂತು ತೆಗೆಯಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸೇನ್ ನದಿಯ ಆಚೆ ದಂಡೆಯಲ್ಲಿ ಟ್ರೊಕಾಡೆರೋ ಎಂಬ ಎತ್ತರದ ಜಾಗವಿದೆ. ಟೂರಿನ ಬಸ್ಸು ಅಲ್ಲಿಗೇ ತಂದು ಇಳಿಸುತ್ತದೆ, ಎಲ್ಲರೂ ಅಲ್ಲೇ ನಿಲ್ಲುತ್ತಾರೆ, ಎಲ್ಲರ ಚಿತ್ರವೂ ಒಂದೇ ಥರ ಬರುತ್ತದೆ. ನನ್ನದೂ ಹಾಗೇ ಬಂತು, ಚೆನ್ನಾಗಿಯೇ ಇದೆ. ಆದರೆ ಅಲ್ಲಿ ಫೋಟೋಗ್ರಫಿ ಕಲಿತೆ ಎನ್ನಲಾರೆ. ಕಲಿತದ್ದೆಲ್ಲ ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ. ಇಲ್ಲಿ ನಿಲ್ಲುವ ಜಾಗವನ್ನು ನಾವೇ ಹುಡುಕಬೇಕು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಮೊದಲೇ ನಿಂತವರನ್ನು ಒಂದು ಮಾತು ಕೇಳಬೇಕು.

ಮೊದಲು ಮಣ್ಣಿನ ವಿಷಯ. ಇದು ಎರೆ ಸೀಮೆ. ಕ್ಯಾಮೆರಾದೊಳಗಿನ ಮೀಟರು ಕಪ್ಪು ಹೊಲವನ್ನು ಕಂಡ ಕೂಡಲೇ ಬೆಳಕು ಸಾಲದೆಂದು ತಿಳಿದು ಚಿತ್ರವನ್ನು ಬೆಳಗಿಸಿಬಿಡುತ್ತದೆ. ಎರೆ ಮಣ್ಣು ಬೂದಿಯಾಗಿ ಬರುತ್ತದೆ. ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿದರೆ ಮಾತ್ರ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಸುಣ್ಣ ಬಳಿದ ಗುಡಿಯೋ ಗುಮ್ಮಟವೋ ಚೌಕಟ್ಟು ತುಂಬಿದರೆ ಇದಕ್ಕೆ ತದ್ವಿರುದ್ಧ, ಏರಿಸಬೇಕು. ಬೇಸಿಗೆಯಲ್ಲಿ ಬರುವುದೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿ, ದೂರದ ಗೆರೆಗಳೆಲ್ಲ ಝಳದಲ್ಲಿ ನಡುಗುತ್ತವೆ. ಮಳೆಗಾಲದ ಕೊನೆಯೂ ನಂಬುವಂಥದ್ದಲ್ಲ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಮಳೆಯಿಲ್ಲದಿದ್ದರೂ ಭೀಮೆ ಏರುತ್ತಾಳೆ. 2020ರ ಅಕ್ಟೋಬರಿನಲ್ಲಿ ಗಾಣಗಾಪುರ, ಘತ್ತರಗಿಯ ಸೇತುವೆಗಳೇ ಮುಳುಗಿದ್ದವು. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗಿನ ಕಾಲ ಸರಿ. ಮೊದಲು ತೊಗರಿಯ ಹಳದಿ ಹೂ, ಆಮೇಲೆ ಎಳ್ಳ ಅಮಾಸಿ, ಅದರ ಹಿಂದೆಯೇ ಬಿಳಿಜೋಳದ ಎಳೆತೆನೆ ಸುಟ್ಟು ತಿನ್ನುವ ಸೀತನಿ. ತೊಗರಿ ರಾಶಿ ನಡೆಯುವ ಹೊಲದ ಹತ್ತಿರ ಮಾತ್ರ ಲೆನ್ಸ್ ಬದಲಿಸಬೇಡಿ. ಆ ಹೊಟ್ಟಿನ ಧೂಳು ಸೆನ್ಸರಿಗೆ ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ.

ಎಳ್ಳ ಅಮಾಸಿಯ ದಿನ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವುದನ್ನು ತೆಗೆಯಲು ಹೋದರೆ ಯಾರೂ ಬೇಡವೆನ್ನುವುದಿಲ್ಲ. ಬದಲಿಗೆ ಉಣ್ಣದೆ ಬಿಡುವುದಿಲ್ಲ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಕೈಗೆ ಬಂದ ಮೇಲೆ ಕ್ಯಾಮೆರಾ ಹಿಡಿಯಲು ಕೈ ಎಲ್ಲಿದೆ? ಅವತ್ತು ಒಳ್ಳೆಯ ಚಿತ್ರ ಸಿಗುವುದು ಊಟವಾದ ಮೇಲೇ. ಜೊತೆಗೆ ಕೂತು ಉಂಡವನ ಮುಂದೆ ಜನ ಸೆಟೆದು ನಿಲ್ಲುವುದಿಲ್ಲ.

ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ. ಅದೇ ಆವರಣದಲ್ಲಿ ರಾಘವ ಚೈತನ್ಯರ ಸಮಾಧಿ, ಶಿವಲಿಂಗವೂ ಇವೆ. ರಾಘವ ಚೈತನ್ಯ, ಕೇಶವ ಚೈತನ್ಯ, ಬಾಬಾಜಿ ಎಂಬುದು ಸಂತ ತುಕಾರಾಮರು ತಮ್ಮದೆಂದು ಹೇಳಿಕೊಂಡ ಗುರುಪರಂಪರೆ. ಹಾಗಾಗಿ ಗಡಿಯಾಚೆಯ ವಾರಕರಿಗಳಿಗೂ ಇದು ನೆನಪಿನ ಊರು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಶಿವರಾತ್ರಿ ಪೂಜೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದೆ. ಅಂಥ ಕಡೆ ಕ್ಯಾಮೆರಾ ಕೂಡ ಒಂದು ಪಕ್ಷದಂತೆ ಕಾಣಿಸಬಹುದು. ಮೊದಲು ತಲೆಗೆ ವಸ್ತ್ರ ಹೊದ್ದು ಒಳಗೆ ಹೋಗಿ ನಮಸ್ಕರಿಸಿ, ಅಲ್ಲಿನ ಹಿರಿಯರನ್ನು ಕೇಳಿ, ಅವರು ಬೇಡ ಎಂದರೆ ಹೊರಗಿನ ಬೀದಿಯಲ್ಲೇ ಸಾಕು ಎನ್ನುವುದು ನನ್ನ ಪದ್ಧತಿ. ಹೂವಿನ ಅಂಗಡಿ, ಊದುಬತ್ತಿ ಹೊಗೆ, ಹರಕೆ ಹೊತ್ತು ಬಂದ ಎರಡೂ ಕಡೆಯ ಜನ: ಬೀದಿಯಲ್ಲಿ ಕಡಿಮೆಯೇನೂ ಸಿಗುವುದಿಲ್ಲ.

ಅಫಜಲಪುರ ತಾಲ್ಲೂಕಿನ ಗಾಣಗಾಪುರವೇ ಈ ದಾರಿಯ ದೊಡ್ಡ ಪರೀಕ್ಷೆ. ದತ್ತನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳನ್ನು ಅಲ್ಲಿ ಒಂದು ಸಣ್ಣ ಕಿಂಡಿಯ ಮೂಲಕ ನೋಡಬೇಕು. ಒಳಗೆ ಫೋಟೋ ಇಲ್ಲ. ಆದರೆ ಪ್ರಾಂಗಣದಲ್ಲಿ ಮಧ್ಯಾಹ್ನದ ಮಹಾಮಂಗಳಾರತಿಯ ಗಂಟೆ ಬಾರಿಸುತ್ತಿದ್ದಂತೆ, ದೆವ್ವ ಹಿಡಿದಿದೆ ಎಂದು ಮನೆಯವರು ಕರೆತಂದವರು ಕಿರುಚುತ್ತಾರೆ, ಕಂಬ ಏರುತ್ತಾರೆ, ನೆಲಕ್ಕೆ ಬೀಳುತ್ತಾರೆ. ಇದನ್ನು ತೆಗೆಯಲೆಂದೇ ದೂರದಿಂದ ಬರುವವರಿದ್ದಾರೆ. ನನ್ನ ಜೊತೆ ಬಂದಿದ್ದ ಗೆಳೆಯ ಲೆನ್ಸ್ ಎತ್ತಿದಾಗ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು, ‘ಯಪ್ಪಾ, ಆಕಿ ಖಬರಿಲ್ದಾಗ ಆಕಿ ಮಾರಿ ತಗೊಂಡು ಏನ್ ಮಾಡ್ತಿ?’ ಎಂದಳು. ಅದಕ್ಕೆ ಉತ್ತರವಿರಲಿಲ್ಲ. ಆಮೇಲೆ ಮಾತಿಗಿಳಿದಾಗ ಗೊತ್ತಾಯಿತು, ಕಂಬ ಹಿಡಿದಿದ್ದವಳು ಅವಳ ಸೊಸೆ.

ಪ್ಯಾರಿಸ್ಸಿನಲ್ಲೂ ಕೇಳಬೇಕಾದ ಒಪ್ಪಿಗೆಯೊಂದಿದೆ. ಹಗಲಿನ ಐಫೆಲ್ ಎಲ್ಲರದು. ರಾತ್ರಿಯ ದೀಪಾಲಂಕಾರಕ್ಕೆ ಕೃತಿಸ್ವಾಮ್ಯವಿದೆ, ಆ ಚಿತ್ರವನ್ನು ವ್ಯಾಪಾರಕ್ಕೆ ಬಳಸುವವರು ಅನುಮತಿ ಪಡೆಯಬೇಕು. ಕಬ್ಬಿಣದ ಗೋಪುರದ ದೀಪಕ್ಕೇ ಇಷ್ಟು ಹಕ್ಕಿದ್ದರೆ ಖಬರಿಲ್ಲದ ಹೆಣ್ಣುಮಗಳಿಗೆ ಇರಬಾರದೆ?

ಹಾಗಾದರೆ ಗಾಣಗಾಪುರದ ಜನಜಂಗುಳಿಯನ್ನು ತೆಗೆಯುವುದೇ ಬೇಡವೆ? ದಾರಿ ಸಿಕ್ಕದ್ದು ಹಳೆಯದೊಂದು ಚಿತ್ರದಿಂದ. 1838ರಲ್ಲಿ ಫೋಟೋಗ್ರಫಿಯ ಮೊದಲಿಗರಲ್ಲೊಬ್ಬನಾದ ಡಾಗೇರ್ ಪ್ಯಾರಿಸ್ಸಿನ ಬೀದಿಯೊಂದನ್ನು ತನ್ನ ಕಿಟಕಿಯಿಂದ ತೆಗೆದ. ಬೆಳಕು ಹಿಡಿಯಲು ನಿಮಿಷಗಳೇ ಬೇಕಿದ್ದ ಕಾಲ ಅದು. ಓಡಾಡುತ್ತಿದ್ದ ಗಾಡಿ, ಮಂದಿ ಎಲ್ಲ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತವನೊಬ್ಬ ಮಾತ್ರ ಸ್ಪಷ್ಟವಾಗಿ ಉಳಿದ. ನಾನು ಟ್ರೈಪಾಡನ್ನು ಭೀಮಾ–ಅಮರ್ಜಾ ಸಂಗಮಕ್ಕೆ ಒಯ್ದು, ಲೆನ್ಸಿಗೆ ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್ ಹಾಕಿ, ಶಟರನ್ನು ಅರ್ಧ ನಿಮಿಷ ತೆರೆದಿಟ್ಟೆ. ಸ್ನಾನಕ್ಕೆ ಇಳಿದು ಏರುವವರು ಮಂಜಿನಂತಾದರು, ಒಬ್ಬರ ಮುಖವೂ ಗುರುತು ಸಿಗುವುದಿಲ್ಲ. ಔದುಂಬರದ ಕೆಳಗೆ, ನರಸಿಂಹ ಸರಸ್ವತಿಗಳ ಕಥೆ ಹೇಳುವ ಗುರುಚರಿತ್ರೆಯ ಪಾರಾಯಣಕ್ಕೆ ಕೂತವರು ಮಾತ್ರ ಅಲುಗದೆ ಉಳಿದರು. ಅವರನ್ನು ಮೊದಲೇ ಕೇಳಿದ್ದೆ. ಅಧ್ಯಾಯ ಮುಗಿಯುವವರೆಗೆ ಕಾಯಬೇಕಾಯಿತು, ಅಷ್ಟೆ. ಆ ಗ್ರಂಥ ಮರಾಠಿಯದಾದರೂ ಬರೆದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡ; ಅವರ ಹಿರಿಯ ಸಾಯಂದೇವರು ಕಡಗಂಚಿಯವರು. ಇವತ್ತು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿರುವ, ಆಳಂದ ತಾಲ್ಲೂಕಿನ ಅದೇ ಕಡಗಂಚಿ.

ಗಾಣಗಾಪುರದಲ್ಲಿ ಐದು ಮನೆ ಮಧುಕರಿ ಬೇಡುವ ರೂಢಿಯಿದೆ. ದತ್ತ ಮಧ್ಯಾಹ್ನ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಕಾರಿನಲ್ಲಿ ಬಂದ ಶ್ರೀಮಂತರೂ ಜೋಳಿಗೆ ಹಿಡಿಯುತ್ತಾರೆ. ಹೆಗಲ ಮೇಲೆ ದುಬಾರಿ ಕ್ಯಾಮೆರಾ ಹೊತ್ತು ನಾನೂ ಬೇಡಿದೆ. ರೊಟ್ಟಿ ನೀಡಿದ ಮನೆಯ ಹೊಸ್ತಿಲಲ್ಲೇ ನನಗೆ ಆ ಊರಿನ ಅತ್ಯುತ್ತಮ ಬೆಳಕು ಸಿಕ್ಕಿತು: ಹೊರಗಿನ ಉರಿಬಿಸಿಲು ಗಚ್ಚಿನ ನೆಲಕ್ಕೆ ಬಡಿದು, ಮೆತ್ತಗಾಗಿ ಒಳಗಿನವರ ಮುಖಕ್ಕೆ ಏರುವ ಬೆಳಕು.

ಜೇವರ್ಗಿಯದು ಬೇರೆ ಪಾಠ. 1850ರ ಆಸುಪಾಸು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಊರಿನ ಬಳಿ ಬೃಹತ್ ಶಿಲಾಯುಗದ ಸಮಾಧಿಗಳನ್ನು ಅಗೆಸಿ ವರದಿ ಬರೆದ. ಅಂಥ ಕಲ್ಲುಗಳನ್ನು ನೋಡಲು ಸಂಜೆಯ ಅಡ್ಡ ಬಿಸಿಲೇ ಬೇಕು. ನಡುಹಗಲಲ್ಲಿ ಅವು ಹೊಲದ ಬರೀ ಕಲ್ಲು. ಕಲಬುರಗಿಯಿಂದ ಜೇವರ್ಗಿಗೆ ಬರುವಾಗ ಭೀಮೆಯ ಈಚೆಯೇ ಸಿಗುವ ಫಿರೋಜಾಬಾದಿಗೂ ಇದೇ ಮಾತು ಸಲ್ಲುತ್ತದೆ. ಬಹಮನಿ ಸುಲ್ತಾನ ಫಿರೋಜ್ ಶಾ 1400ರ ಸುಮಾರಿಗೆ ನದಿದಂಡೆಯಲ್ಲಿ ಕಟ್ಟಿಸಿದ ನಗರವದು. ಕೋಟೆಯೊಳಗೆ ಈಗ ಹೊಲ. ಹೊಲದ ಮಾಲಕರನ್ನು ಕೇಳದೆ ಬದುವು ದಾಟಬಾರದು, ಬೆಳೆ ನಿಂತ ತಿಂಗಳಲ್ಲಂತೂ ಸುತ್ತು ಬಳಸಿಯೇ ಹೋಗಬೇಕು. ಜೇವರ್ಗಿ ಸೀಮೆಯ ಅರಳಗುಂಡಗಿ ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ ಊರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ನೀರಿಟ್ಟರೆಂದು ಜನ ಹೇಳುವ ಶರಣರು. ತೆನೆಗಟ್ಟಿದ ಜೋಳದ ಹೊಲದಲ್ಲಿ ಅದೇ ಹಕ್ಕಿಗಳಿಗಾಗಿ ಕಾದು ಕೂತಾಗ ಎಷ್ಟೋ ಬಾರಿ ಬರಿಗೈಲಿ ವಾಪಸ್ಸಾದೆ. ಹಕ್ಕಿಗೆ ತಾಳ್ಮೆಯ ಜೊತೆ ಉದ್ದನೆಯ ಲೆನ್ಸೂ ಬೇಕು, ನನ್ನಲ್ಲಿ ಅದಿಲ್ಲ.

ಈ ಕಡೆ ಬರುವವರಿಗೆ ಒಂದು ಮಾತು. ಫೋಟೋಕ್ಕೆ ನಿಂತವರು ಕೊನೆಗೆ ಕೇಳುವುದು ಒಂದೇ: ‘ನಮಗೊಂದು ಪೋಟು ಕೊಡ್ತೀರೇನ್ರಿ?’ ವಾಟ್ಸ್ಯಾಪಿಗೆ ಹಾಕಿದ್ದು ಫೋನಿನ ಜೊತೆಗೇ ಹೋಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಪೇಟೆಗಳಲ್ಲಿ ಫೋಟೋ ಸ್ಟುಡಿಯೋಗಳಿವೆ. ಊರು ಬಿಡುವ ಮೊದಲು ಪ್ರಿಂಟ್ ಹಾಕಿಸಿ ಅವರ ಮನೆಗೆ ಮುಟ್ಟಿಸಿ, ಆಗದಿದ್ದರೆ ವಿಳಾಸ ಬರೆದುಕೊಂಡು ಅಂಚೆಯಲ್ಲಿ ಕಳಿಸಿ. ಕೊಡುತ್ತೇನೆಂದು ಹೇಳಿ ಹೋದವರು ಈಗಾಗಲೇ ಬಹಳ ಮಂದಿ ಇದ್ದಾರೆ.