ಬಡಿಸುವ ಕೈಯೂ ನಿನ್ನದೇ



ಬೆಂಗಳೂರಿನ ನಿನ್ನ ಕಚೇರಿಯವರು ಈ ಶುಕ್ರವಾರ ಎಲ್ಲರನ್ನೂ ದೊಡ್ಡ ಹೋಟೆಲೊಂದರ ಏಷ್ಯನ್ ರೆಸ್ಟೋರೆಂಟಿಗೆ ಮಧ್ಯಾಹ್ನದ ಊಟಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಥಾಯ್, ಮಲೇಶಿಯಾ, ಜಪಾನ್ ಎಂದು ಸಾಲು ಸಾಲು ಕರಿಗಳ ಬಫೆಯಂತೆ. ಅಲ್ಲಿ ಹೋಗಿ ಪೆದ್ದಿಯ ಹಾಗೆ ನಿಲ್ಲಬಾರದು, ಏನಾದರೂ ಹೇಳಿಕೊಡಬೇಕು ಎಂದು ಕೇಳಿದ್ದೀಯಲ್ಲ, ಅದಕ್ಕೇ ಈ ಕಾಗದ. ನಮ್ಮ ಊರು ಸೀತಾಂಗೋಳಿಯಲ್ಲಿ ಕೂತ ಮುದುಕ ಅಜ್ಜನಿಗೆ ಬಫೆಯ ವಿಷಯ ಏನು ಗೊತ್ತು ಎಂದು ನಿನ್ನ ಅಪ್ಪ ನಗಬಹುದು. ನಗಲಿ. ಕುಂಬಳೆಯಿಂದ ಬದಿಯಡ್ಕದವರೆಗೆ ಎಷ್ಟೋ ಜೆಂಬ್ರಗಳಲ್ಲಿ, ಅಂದರೆ ಮನೆ ಸಮಾರಂಭಗಳಲ್ಲಿ, ಊಟ ಬಡಿಸುವ ಸುದರಿಕೆಗೆ ನಿಂತವನು ನಾನು. ಊಟ ಎಲ್ಲಿ ನಡೆದರೂ ಇರುವುದು ಎರಡೇ ಕೆಲಸ, ಬಡಿಸುವುದು ಮತ್ತು ಉಣ್ಣುವುದು. ಪಂಕ್ತಿಯಲ್ಲಿ ಅವನ್ನು ಇಬ್ಬರು ಮಾಡುತ್ತಾರೆ. ಬಫೆಯಲ್ಲಿ ಎರಡೂ ನಿನ್ನ ಪಾಲಿಗೇ ಬರುತ್ತವೆ. ಉಣ್ಣಲು ನಿನಗೆ ಬರುತ್ತದೆ. ಬಡಿಸುವುದನ್ನು ಕಲಿತುಕೋ. ನಾನು ಹೇಳಬೇಕಾದದ್ದು ಇಷ್ಟೇ, ಮಿಕ್ಕದ್ದು ಅದರ ವಿವರ.

ಒಳ್ಳೆಯ ಸುದರಿಕೆಯವನು ಪಾತ್ರೆಗೆ ಕೈ ಹಾಕುವ ಮೊದಲು ಅಡಿಗೆ ಕೊಟ್ಟಗೆಗೆ ಹೋಗಿ ಬರುತ್ತಾನೆ. ಪಾಯಸ ಒಂದೋ ಎರಡೋ, ಹೋಳಿಗೆ ಉಂಟೋ, ಮೇಲಾರ ಸಾಕಷ್ಟು ಆಗಿದೆಯೋ ಎಂದು ನೋಡಿಕೊಂಡೇ ಮೊದಲ ಸೌಟು ಎತ್ತುವುದು. ನೀನೂ ಹಾಗೇ ಮಾಡು. ತಟ್ಟೆ ಹಿಡಿಯದೆ ಬರಿಗೈಯಲ್ಲಿ ಇಡೀ ಸಾಲನ್ನು ಒಂದು ಸುತ್ತು ನೋಡಿ ಬಾ. ಸಾಮಾನ್ಯವಾಗಿ ಕೈಗೆ ಮೊದಲು ಸಿಗುವುದು ಸಲಾಡ್, ಸೂಪು, ಬ್ರೆಡ್ಡು, ಫ್ರೈಡ್ ರೈಸು, ನೂಡಲ್ಸು. ಬೆಲೆಬಾಳುವ ಪದಾರ್ಥಗಳು ಆಮೇಲೆ ಬರುತ್ತವೆ, ಅವಕ್ಕೆ ಸೌಟೂ ಸಣ್ಣದು. ಅದು ವ್ಯಾಪಾರದ ಲೆಕ್ಕ, ಅದರಲ್ಲಿ ಮೋಸವೇನೂ ಇಲ್ಲ. ಆದರೆ ಸಾಲಿನ ಬಾಯಲ್ಲೇ ತಟ್ಟೆ ತುಂಬಿಸಿಕೊಂಡವನಿಗೆ ಸಾಲಿನ ಕೊನೆಯಲ್ಲಿ ಜಾಗ ಇರುವುದಿಲ್ಲ.

ಎರಡನೆಯದು, ಮೊದಲ ಸಲ ಒಂದೇ ಸೌಟು. ನಮ್ಮಲ್ಲಿ ಸಾರು ಬಡಿಸುವಾಗ ನೋಡಿದ್ದೀಯಲ್ಲ, ಉಣ್ಣುವವರು ಅನ್ನದ ನಡುವೆ ಬೆರಳಿನಿಂದ ಗುಂಡಿ ಮಾಡಿದರೆ ಅದು ತುಂಬುವಷ್ಟೇ ಸುರಿಯುವುದು. ಆಮೇಲೆ ಇನ್ನೊಂದು ಸುತ್ತು ವಿಚಾರಣೆಗೆ ಬರುತ್ತದೆ, ಬೇಡದವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಈ ವಿಚಾರಣೆ ಎಂಬುದು ದೊಡ್ಡ ಜಾಣತನ. ರುಚಿ ನೋಡಿದ ಮೇಲೆ ಕೇಳುವ ಪ್ರಶ್ನೆ ಅದು. ಬಫೆಯಲ್ಲಿ ಆ ಪ್ರಶ್ನೆ ಕೇಳುವವರು ಯಾರೂ ಇಲ್ಲ, ಕೈ ಅಡ್ಡ ಹಿಡಿಯುವವರೂ ಇಲ್ಲ. ನೀನೇ ಕೇಳಿಕೊಳ್ಳಬೇಕು, ನೀನೇ ಬೇಡ ಎನ್ನಬೇಕು.

ಕರಿಗಳನ್ನು ಒಂದರ ಮೇಲೊಂದು ಸುರಿದುಕೊಳ್ಳಬೇಡ. ತೆಂಗಿನ ಹಾಲಿನದ್ದೆಲ್ಲ ಒಂದೇ ರುಚಿ ಎಂದೂ ಭಾವಿಸಬೇಡ. ಥಾಯ್ ಹಸಿರು ಕರಿಯಲ್ಲಿ ಹಸಿಮೆಣಸು, ಮಜ್ಜಿಗೆ ಹುಲ್ಲು, ನಿಂಬೆ ಜಾತಿಯ ಒಂದು ಎಲೆ, ಶುಂಠಿ ಜಾತಿಯ ಒಂದು ಗೆಡ್ಡೆ ಇರುತ್ತವೆ. ಮಸಾಮನ್ ಎಂಬುದರಲ್ಲಿ ಏಲಕ್ಕಿ, ಚಕ್ಕೆ, ಲವಂಗದ ಜತೆ ನೆಲಗಡಲೆ. ಸುಮಾತ್ರಾದ ಕಡೆಯ ರೆಂಡಾಂಗ್ ಮೂಲತಃ ಮಾಂಸದ ಅಡಿಗೆ, ತೆಂಗಿನ ಹಾಲು ಪೂರ್ತಿ ಇಂಗುವ ತನಕ ಗಂಟೆಗಟ್ಟಲೆ ಬೇಯಿಸುತ್ತಾರೆ. ಜಪಾನಿನ ಕರಿ ಮೈದಾ ಹುರಿದು ದಪ್ಪ ಮಾಡಿದ್ದು, ಸ್ವಲ್ಪ ಸಿಹಿ. ಕರಿ ಆ ದೇಶಕ್ಕೆ ಹೋದದ್ದು ನಮ್ಮಿಂದ ನೇರವಾಗಿ ಅಲ್ಲ, ಬ್ರಿಟಿಷರ ಕೈದಾಟಿ. ನಮ್ಮ ಬಗೆಯ ಕರಿಯನ್ನು ಟೋಕಿಯೋದ ನಾಕಾಮುರಾಯಾ ಅಂಗಡಿ 1927ರಲ್ಲಿ ಬಡಿಸಲು ಶುರುಮಾಡಿತು. ಕಲಿಸಿಕೊಟ್ಟವರು ಬ್ರಿಟಿಷರ ಕಣ್ಣು ತಪ್ಪಿಸಿ ಅಲ್ಲಿಗೆ ಹೋಗಿ, ಆ ಅಂಗಡಿಯವರ ಮಗಳನ್ನೇ ಮದುವೆಯಾಗಿದ್ದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್. ಅದೇ ಊರಿನ ಇಂಪೀರಿಯಲ್ ಹೋಟೆಲು ಸ್ಕ್ಯಾಂಡಿನೇವಿಯಾದವರ ಪದ್ಧತಿ ನೋಡಿ 1958ರಲ್ಲಿ ಬಫೆಯನ್ನು ಜಪಾನಿಗೆ ತಂದಿತು. ನೀನು ತಟ್ಟೆ ಹಿಡಿದು ನಿಲ್ಲುವ ಸಾಲಿನ ಹಿಂದೆ ಇಷ್ಟು ಜನರ ಓಡಾಟ ಉಂಟು. ಒಂದು ಸಲಕ್ಕೆ ಒಂದು ದೇಶದ್ದನ್ನು ಮಾತ್ರ ಹಾಕಿಕೊಂಡು, ಅದರ ರುಚಿ ಏನೆಂದು ತಿಳಿದು ಉಣ್ಣು.

ಈಗ ಸಸ್ಯಾಹಾರಿಗಳಾದ ನಮ್ಮ ಮನೆಯವರಿಗೆ ಮುಖ್ಯವಾದ ಮಾತು. ತರಕಾರಿ ಕರಿ ಎಂದು ಚೀಟಿ ಇಟ್ಟಿದ್ದರೂ ಒಮ್ಮೆ ಕೇಳು. ಥಾಯ್ ಅಡಿಗೆಯ ಮಸಾಲೆಯಲ್ಲೇ ಸಿಗಡಿ ಅರೆದು ಹಾಕುವ ಪದ್ಧತಿ ಇದೆ, ಉಪ್ಪಿನ ಬದಲು ಮೀನಿನ ರಸ ಬಳಸುತ್ತಾರೆ. ಒಳ್ಳೆಯ ಹೋಟೆಲಿನವರು ಸಸ್ಯಾಹಾರಕ್ಕೆ ಬೇರೆ ಮಸಾಲೆ ಮಾಡುತ್ತಾರೆ, ಆದರೂ ಕೇಳುವುದು ನಿನ್ನ ಕೆಲಸ. ನೆಲಗಡಲೆಯೋ ಸಿಗಡಿಯೋ ಮೈಗೆ ಒಗ್ಗದ ಗೆಳತಿಯರಿದ್ದರೆ ಅವರ ಪರವಾಗಿಯೂ ಕೇಳು. ಕೇಳುವಾಗ ದನಿ ತಗ್ಗಿಸಬೇಡ, ಏರಿಸಲೂ ಬೇಡ. ಪಕ್ಕದವಳು ಮೀನು ತಿಂದರೆ ಮೂಗು ಮುರಿಯಬೇಡ. ಒಂದೇ ರಸ್ತೆಯ ಒಂದು ಮನೆಯಲ್ಲಿ ತುಪ್ಪದನ್ನದ ನೈಚೋರು, ಇನ್ನೊಂದರಲ್ಲಿ ಕೋಳಿಯ ಕೋರಿರೊಟ್ಟಿ, ಮತ್ತೊಂದರಲ್ಲಿ ತರಕಾರಿಯ ಬೋಳುಹುಳಿ ಬೇಯುವ ಊರಿನಲ್ಲಿ ಬೆಳೆದವಳು ನೀನು. ಇದನ್ನು ನಿನಗೆ ಬೆಂಗಳೂರು ಕಲಿಸಬೇಕಾಗಿಲ್ಲ.

ಸಾಧ್ಯವಾದರೆ ಬಾಗಿಲು ತೆರೆದ ಹೊತ್ತಿಗೇ ಹೋಗು, ಆಗ ಎಲ್ಲವೂ ಬಿಸಿಯಾಗಿರುತ್ತದೆ. ಬಫೆಗೆ ಕರಿಯನ್ನು ಆರಿಸುವುದಕ್ಕೆ ಕಾರಣ ಇದೆ. ಕರಿದದ್ದು ಇಟ್ಟಲ್ಲೇ ಮೆತ್ತಗಾಗುತ್ತದೆ. ಕರಿ ಮಾತ್ರ ಸಣ್ಣ ಬಿಸಿಯಲ್ಲಿ ಕೂತಷ್ಟು ಹೊತ್ತು ಮಸಾಲೆ ಹಿಡಿದುಕೊಳ್ಳುತ್ತದೆ. ಆದರೆ ಆ ಬಿಸಿ ನಿಜವಾದ ಬಿಸಿ ಆಗಿರಬೇಕು. ಬೇಯಿಸಿದ ಆಹಾರ ಬಡಿಸುವ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇರಬೇಕು, ಹೊರಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀನೇನು ಥರ್ಮಾಮೀಟರು ಒಯ್ಯುವುದು ಬೇಡ. ಮುಚ್ಚಳ ತೆಗೆದಾಗ ಆವಿ ಏಳಬೇಕು, ಪಾತ್ರೆಯ ಕೆಳಗೆ ಬೆಂಕಿ ಇರಬೇಕು. ಉಗುರು ಬೆಚ್ಚಗಿನ ಅನ್ನ ಕಂಡರೆ ಬಿಟ್ಟುಬಿಡು. ಕೆಟ್ಟ ಹೊಟ್ಟೆಗೆ ಕರಿಯದ್ದೇ ತಪ್ಪು ಎನ್ನುವವರು ಬಹಳ, ಅನ್ನದಲ್ಲೂ ವಿಷ ಹುಟ್ಟಿಸುವ ಸೂಕ್ಷ್ಮಾಣುಗಳು ಬೆಳೆಯುತ್ತವೆ.

ಎರಡನೇ ಸಲ ಹೋಗುವಾಗ ಹೊಸ ತಟ್ಟೆ ತೆಗೆದುಕೋ. ಎಂಜಲು ತಟ್ಟೆಗೆ ತಾಗಿದ ಸೌಟು ಮತ್ತೆ ಎಲ್ಲರ ಪಾತ್ರೆಗೆ ಇಳಿಯುತ್ತದೆ. ಒಂದು ಪಾತ್ರೆಯ ಸೌಟನ್ನು ಇನ್ನೊಂದಕ್ಕೆ ಹಾಕಬಾರದು. ನಮ್ಮ ಅಜ್ಜಿಯಂದಿರು ಇದನ್ನು ಮಡಿ, ಮುಸುರೆ ಎಂದು ಹೇಳುತ್ತಿದ್ದರು. ಬಫೆಯಲ್ಲಿ ಅದಕ್ಕೆ ಆರೋಗ್ಯದ ಕಾರಣವೇ ಸಾಕು. ಫೋಟೋ ತೆಗೆಯಬೇಕಿದ್ದರೆ ಮೇಜಿಗೆ ಬಂದು ತೆಗೆ, ಸಾಲಿನಲ್ಲಿ ಹಿಂದಿನವರನ್ನು ನಿಲ್ಲಿಸಿ ಅಲ್ಲ.

ಕೊಟ್ಟ ದುಡ್ಡು ವಸೂಲಾಗಬೇಕು ಎಂದು ಬೆಳಿಗ್ಗೆಯಿಂದ ಉಪವಾಸ ಕೂರುವವರನ್ನು ಕಂಡಿದ್ದೇನೆ. ಅವರು ಮೊದಲ ತಟ್ಟೆಯಲ್ಲೇ ಸೋಲುತ್ತಾರೆ, ಹಸಿದ ಕಣ್ಣಿಗೆ ಅಳತೆ ತಿಳಿಯುವುದಿಲ್ಲ. ಬೆಳಿಗ್ಗೆ ಎರಡು ದೋಸೆ ತಿಂದೇ ಹೋಗು. ಬಫೆಯ ದರ ಗೊತ್ತುಮಾಡುವವರು ಹೆಚ್ಚು ತಿನ್ನುವವನನ್ನೂ ಕಡಿಮೆ ತಿನ್ನುವವನನ್ನೂ ಕೂಡಿಸಿಯೇ ಲೆಕ್ಕ ಹಾಕಿರುತ್ತಾರೆ, ನಿನ್ನೊಬ್ಬಳ ಹೊಟ್ಟೆಯಿಂದ ಅವರು ಮುಳುಗುವುದೂ ಇಲ್ಲ, ಉದ್ಧಾರವಾಗುವುದೂ ಇಲ್ಲ. ತಟ್ಟೆಯಲ್ಲಿ ಬಿಟ್ಟದ್ದು ಮಾತ್ರ ಯಾರಿಗೂ ದಕ್ಕುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ ಹಾಳಾದ ಆಹಾರ 105 ಕೋಟಿ ಟನ್, ಅದರಲ್ಲಿ ನೂರಕ್ಕೆ 28 ಪಾಲು ಹೋಟೆಲು, ಕ್ಯಾಂಟೀನುಗಳಂಥ ಕಡೆಯದ್ದು ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಲೆಕ್ಕ ಕೊಟ್ಟಿದೆ. ನೂರಕ್ಕೆ 60 ಪಾಲು ಮನೆಗಳಲ್ಲೇ ಹಾಳಾದದ್ದು, ಆದ್ದರಿಂದ ಹೋಟೆಲನ್ನು ಮಾತ್ರ ಬಯ್ಯುವ ಹಾಗಿಲ್ಲ.

ಈ ಸಲದ ಬಿಲ್ಲು ಕಚೇರಿಯದ್ದು. ನಾಳೆ ನೀನೇ ಯಾರನ್ನಾದರೂ ಕರೆದುಕೊಂಡು ಹೋದರೆ, ಬರೆದಿರುವ ದರಕ್ಕೆ ತೆರಿಗೆ ಸೇರಿದೆಯೋ ಎಂದು ಮೊದಲೇ ವಿಚಾರಿಸು. ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಕೂಡದು ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಹಾಗೆಂದು ಜಗಳಕ್ಕೆ ನಿಲ್ಲಬೇಡ, ತೆಗೆಯಿರಿ ಎಂದು ಸಮಾಧಾನದಲ್ಲಿ ಹೇಳಿದರೆ ಸಾಕು. ನೀರು ತಂದವನಿಗೆ, ತಟ್ಟೆ ಎತ್ತಿದವಳಿಗೆ ನಿನಗೆ ತೋಚಿದಷ್ಟನ್ನು ಕೈಯಲ್ಲೇ ಕೊಡು. ಪಂಕ್ತಿಯ ನಡುವೆ ಬೆನ್ನು ಬಗ್ಗಿಸಿ ನಡೆದವರಿಗೆ ಆ ಕೆಲಸದ ಭಾರ ಗೊತ್ತು.

ಕೊನೆಗೆ ಇನ್ನೊಂದು. ನಿನ್ನ ಮದುವೆಗೂ ಬಫೆಯೇ ಇರಲಿ ಎಂದು ನೀವು ಮೊಮ್ಮಕ್ಕಳೆಲ್ಲ ಸೇರಿ ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಊಟದ ನಡುವೆ ಹಾಡುವ ಹಾಗೆ ಚೂರ್ಣಿಕೆ ಹೇಳಲು ಕೂತ ಸಾಲೇ ಇರುವುದಿಲ್ಲವಲ್ಲ ಎಂಬ ಬೇಸರ ಉಂಟು, ಆದರೂ ಬೇಡ ಎನ್ನುವುದಿಲ್ಲ. ಮೂರು ಕರಾರು. ಮೊಣಕಾಲು ನೋವಿನವರಿಗೆ ಮೇಜು ಹಾಕಿ ಎಲೆಯಲ್ಲೇ ಬಡಿಸಬೇಕು. ಪ್ರತಿ ಪಾತ್ರೆಯ ಹತ್ತಿರ ಮನೆಯವರೊಬ್ಬರು ನಿಂತು ಇದು ಇಂಥದ್ದು, ಸ್ವಲ್ಪ ಹಾಕಲಾ ಎಂದು ಕೇಳಬೇಕು. ಪಾಯಸದ ಪಾತ್ರೆಯ ಹತ್ತಿರ ಮಾತ್ರ ಬೇರೆ ಯಾರೂ ನಿಲ್ಲುವುದು ಬೇಡ, ಆ ಸೌಟು ನನ್ನದು.